ತಂಗಿಯ ದನಿಗೆ ಬಾಗಿಲು ತೆಗೆದೆ

“ಅಕ್ಕಾ, ಬಾಗಿಲು ತೆಗಿಯೇ, ಚಳಿ ಆಗ್ತಿದೆ.”

ಸಟ್ಟುಗ ಹಿಡಿದುಕೊಂಡೇ ಓಡಿ ಚಿಲಕ ತೆಗೆದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ಆ ದನಿ ನನ್ನ ತಂಗಿ ಪದ್ಮಾಳದು. ಅವಳು ತೀರಿಕೊಂಡು ವರ್ಷಗಳೇ ಆಗಿವೆ.

ನಾವು ಜೈನರು, ಹೊತ್ತು ಮುಳುಗುವ ಮೊದಲೇ ಉಣ್ಣುವವರು. ಮಗಳು ಟಿವಿ ಮುಂದೆ ತಾಟು ಇಟ್ಟುಕೊಂಡು ಕೂತಿದ್ದಳು. “ಅವ್ವಾ, ಯಾರಿಗೆ ಬಾಗಿಲಾ ತಗದಿ? ಕಾರ್ಟೂನಿನ ಮೊಲಾ ಕರದದ್ದದು,” ಎಂದು ನಕ್ಕಳು. ಪರದೆಯ ಮೇಲೆ ಮಿರಮಿರ ಮಿಂಚುವ ಮೊಲ ಮತ್ತೆ ಅದೇ ದನಿಯಲ್ಲಿ ಕರೆಯಿತು. ಹಿಂದೆ ಆ ಕಾರ್ಟೂನಿಗೆ ಕನ್ನಡದಲ್ಲಿ ದನಿ ಕೊಟ್ಟವಳು ಪದ್ಮಾ. ಆಗ ಮೊಲ ಇಷ್ಟು ಹೊಳೆಯುತ್ತಿರಲಿಲ್ಲ.

ಐನಾಪುರದಲ್ಲಿ ಕೇಬಲ್ ನಡೆಸುವ ಮೈದುನನಿಗೆ ಫೋನ್ ಮಾಡಿದೆ. “ವೈನಿ, ಹಳೇ ಚಿತ್ರಾ ತಿಕ್ಕಿ ಹೊಸದು ಮಾಡಿ ಮತ್ತ ಮಾರ್ತಾರ್ರಿ. ಹೊಸಾ ಕಾರ್ಟೂನ್ ಮಾಡೂದಕಿಂತ ಅಗ್ಗ. ದನೀನೂ ಹೊಸದಾಗಿ ತಗಿಸಿದ್ರ ಖರ್ಚ ಬೀಳ್ತೈತಿ, ಅದಕ್ಕ ಹಳೇದ ಬಿಟ್ಟಾರ,” ಎಂದ.

ಮನೆಯಲ್ಲಿ ಅವಳ ಫೋಟೊ ಇದೆ, ದನಿ ಎಲ್ಲೂ ಇರಲಿಲ್ಲ. ಆ ಕಾರ್ಟೂನ್ ಕಂಪನಿಯವರ ಜಿಪುಣತನಕ್ಕೂ ಜಿನೇಶ್ವರನಿಗೂ ಕೈ ಮುಗಿದೆ. ಕರೆಯುವುದು ಟಿವಿ ಎಂದು ಗೊತ್ತಿದ್ದರೂ, ಈಗ ದಿನಾ ಆ ಹೊತ್ತಿಗೆ ಮೊದಲೇ ಹೋಗಿ ಚಿಲಕ ತೆಗೆದಿಡುತ್ತೇನೆ.