ಖಂಡೆ ಪೂಜೆಗಿಟ್ಟ ಕಾರ್ಬೈನ್

ನ್ಯೂಜೆರ್ಸಿಯ ಹೋಬೋಕನ್ನಿನಲ್ಲಿರುವ ನನ್ನ ಬಾಡಿಗೆ ಮನೆಯ ಬಚ್ಚಲಲ್ಲಿ ಹೀಟರ್ ಇದೆ ಎನ್ನುವುದು ಹೆಸರಿಗೆ ಮಾತ್ರ. ಡಿಸೆಂಬರ್ ಬಂತೆಂದರೆ ಕಪಾಟಿನಲ್ಲಿಟ್ಟ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕಾಯುತ್ತಿರುವಾಗ ಅಂಚಿನಲ್ಲಿ ಕರಗಿದ ಎಣ್ಣೆಯ ವಾಸನೆ ಮೆಲ್ಲಗೆ ಏಳುತ್ತದೆ. ಅದರ ಹಿಂದೆಯೇ ಅಜ್ಜಿಯ ತುರುಬು, ಅವಳ ಹೊಲಿಗೆ ಯಂತ್ರ, ಪಾರ್ಸಿಪನಿಯ ನಮ್ಮ ಮನೆಯ ಅಡುಗೆಕೋಣೆ, ಕೊನೆಗೆ ಅಪ್ಪನ ಕೈಯಲ್ಲಿದ್ದ ಆ ಕಪ್ಪು ಬಂದೂಕು. ಕೊಬ್ಬರಿ ಎಣ್ಣೆ ಮೂಸಿ ಬಂದೂಕು ನೆನೆಯುವವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ನಿಮಗೂ ಇಂಥದೊಂದು ವಾಸನೆ ಇದ್ದೀತು, ಮಾರಿಹೋದ ಯಾವುದೋ ಮನೆಯೊಳಕ್ಕೆ ಕೈಹಿಡಿದು ಕರೆದೊಯ್ಯುವಂಥದು.

ಆ ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ನನ್ನಜ್ಜಿ, ಮತ್ತು ಹತ್ತು ವರ್ಷದ ನಾನು ಇದ್ದೆವು. ಬೇಸ್‌ಮೆಂಟಿನಲ್ಲಿ ಬಸು ಅಂಕಲ್ ಇದ್ದರು. ಅಪ್ಪನ ಕಂಪನಿಗೆ ವೀಸಾದ ಮೇಲೆ ಹೊಸದಾಗಿ ಬಂದಿದ್ದ ಹುಡುಗ, ಅಜ್ಜಿಯ ರೊಟ್ಟಿಗೆ ಮರುಳಾಗಿ ನಮ್ಮಲ್ಲೇ ಉಳಿದುಕೊಂಡವರು. ಅದು ಎರಡು ಸಾವಿರನೇ ಇಸವಿ ಹತ್ತಿರ ಬರುತ್ತಿದ್ದ ಕಾಲ. ಆಫೀಸ್ ಪಾರ್ಕುಗಳ ತುಂಬ ನಮ್ಮವರು, ಅವರ ಮನೆಗಳ ತುಂಬ ಬಂಗಾರ. ಇದು ನಮಗಿಂತ ಚೆನ್ನಾಗಿ ಕಳ್ಳರಿಗೆ ಗೊತ್ತಿತ್ತು. ಆ ವಸಂತದಲ್ಲಿ ನಮ್ಮ ಪರಿಚಯದವರದೇ ಒಂದು ಮನೆಯ ಹಿಂಬಾಗಿಲು ಮುರಿದು, ಅಕ್ಕಿಯ ಡಬ್ಬಿ ಬೋರಲು ಹಾಕಿ, ಇದ್ದಬದ್ದ ಒಡವೆ ಒಯ್ದಿದ್ದರು. ನಮ್ಮ ಅಜ್ಜಿಯ ಬಂಗಾರವೂ ಅಕ್ಕಿಯ ಡಬ್ಬಿಯಲ್ಲೇ ಇತ್ತು. ಅಪ್ಪನ ನಿದ್ದೆ ಹಾರಿತು.

“ಒಂದು ಬಂದೂಕ್ ತರ್ತೀನಿ,” ಎಂದರು ಒಂದು ದಿನ ಊಟಕ್ಕೆ ಕೂತಾಗ.

ಅವ್ವ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡಾಕ್ಟರು. ಸೌಟು ಕೆಳಗಿಟ್ಟಳು. “ಬಂದೂಕು ಯಾರ ಮನ್ಯಾಗ ಇರ್ತದೋ, ಅದೇ ಮನಿ ಮಂದೀನಽ ನಾ ದಿನಾ ಹೊಲಿತೀನ್ರೀ. ಇಲ್ಲೀತನಕ ಒಬ್ಬ ಕಳ್ಳನ್ನೂ ಹೊಲ್ದಿಲ್ಲ.”

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಹೆದರಿಕೆಗಳು ಎದುರುಬದುರಾಗಿ ಕೂತು ಉಣ್ಣತೊಡಗಿದವು. ಅಪ್ಪನಿಗೆ ಹೊರಗಿನಿಂದ ಬರುವವನ ಹೆದರಿಕೆ, ಅವ್ವನಿಗೆ ಒಳಗಿನವರಿಗೆ ಏನಾದೀತೋ ಎಂಬ ಹೆದರಿಕೆ. ನಾನು ಇಬ್ಬರನ್ನೂ ನಂಬಿ ಎರಡು ಪಟ್ಟು ಹೆದರಿದ್ದೆ.

ಅಪ್ಪ ಒಂದು ಟೀವಿ ಕೊಳ್ಳಬೇಕಾದರೂ ತಿಂಗಳುಗಟ್ಟಲೆ ಓದುವ ಮನುಷ್ಯ. ಬಂದೂಕಿನ ವಿಷಯದಲ್ಲಿ ಕೇಳಬೇಕೆ? ಪಿಸ್ತೂಲು ಸಣ್ಣದು, ಮಗುವಿನ ಕೈಗೆ ಸಿಕ್ಕೀತು, ಪರವಾನಗಿಯ ತಾಪತ್ರಯವೂ ಹೆಚ್ಚು. ಶಾಟ್‌ಗನ್ನು ಹೆಗಲಿಗೆ ಒದೆಯುತ್ತದೆ. ದೊಡ್ಡ ರೈಫಲ್ಲಿನ ಗುಂಡು ನಮ್ಮ ತೆಳು ಗೋಡೆಗಳನ್ನು ದಾಟಿ ಪಕ್ಕದ ಮನೆಯ ಹಾಲುಗೂಸಿನ ತೊಟ್ಟಿಲಿಗೆ ಹೋದರೆ ಗತಿಯೇನು? ಹೀಗೆ ಒಂದೊಂದನ್ನೇ ತಳ್ಳಿಹಾಕುತ್ತ ಕಾರ್ಬೈನಿಗೆ ಬಂದು ನಿಂತರು. ರೈಫಲ್ಲಿನಂತೆ ಹೆಗಲಿಗೆ ಆನಿಸುವ ಕುಳ್ಳ ಬಂದೂಕು, ಆದರೆ ಹಾಕುವುದು ಪಿಸ್ತೂಲಿನ ಗುಂಡು. ಒದೆತ ಕಡಿಮೆ, ಅವ್ವನೂ ಕಲಿಯಬಹುದೆಂಬ ಆಸೆ ಬೇರೆ. ಅದೂ ಗೋಡೆ ದಾಟುತ್ತದೆಂದು ಅವ್ವ ಹೇಳಿದ್ದನ್ನು ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಪೊಲೀಸರಿಗೆ ಬೆರಳಚ್ಚು ಕೊಟ್ಟು ಕಾರ್ಡು ಪಡೆದ ಮೇಲೆ ಭಾನುವಾರಗಳಂದು ನಮ್ಮ ಹುಡುಕಾಟ ಶುರುವಾಯಿತು. ಒಂದು ಅಂಗಡಿಯಲ್ಲಿದ್ದ ಮಾದರಿ ನ್ಯೂಜೆರ್ಸಿಯಲ್ಲಿ ನಿಷಿದ್ಧ, ಇನ್ನೊಂದರಲ್ಲಿ ಇದ್ದದ್ದು ತುಕ್ಕು. ಕಾರಿನ ಹಿಂದಿನ ಸೀಟಿನಲ್ಲಿ ಕೂತು ನಾನು ಚಕ್ಕುಲಿ ತಿನ್ನುತ್ತ ಆ ರಾಜ್ಯದ ಉತ್ತರ ಭಾಗವನ್ನೆಲ್ಲ ನೋಡಿದೆ. ಕೊನೆಗೆ ಬೆಟ್ಟದ ಕಡೆಯ ಒಂದು ಅಂಗಡಿಯಲ್ಲಿ ಸಿಕ್ಕಿತು. ಗಡ್ಡದ ಮಾಲೀಕ ಅದನ್ನು ಕೊಡುವಾಗ, ಚಳಿಗಾಲಕ್ಕೆ ತೆಳು ಎಣ್ಣೆಯನ್ನೇ ಹಾಕು, ದಪ್ಪ ಎಣ್ಣೆ ಅಂಟಾಗುತ್ತದೆ ಎಂದ. ಅಪ್ಪ ಅದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿದರು. “ಎಣ್ಣಿ ಅಂದ್ರ ಎಣ್ಣಿ, ತಗೀ,” ಎಂದಳು ಅಜ್ಜಿ.

ಅವ್ವನ ಒತ್ತಾಯಕ್ಕೆ ಬಂದೂಕು ಮನೆಯೊಳಗೆ ಬರಲಿಲ್ಲ. ಹೀಟರಿಲ್ಲದ ಗ್ಯಾರೇಜಿನಲ್ಲಿ ಉಕ್ಕಿನ ಕಪಾಟು, ಅದರ ಕೀಲಿ ಅಪ್ಪನ ಸೊಂಟದಲ್ಲಿ. “ಕೀಲಿ ಆಫೀಸ್ನ್ಯಾಗ, ಕಳ್ಳ ಮನ್ಯಾಗ,” ಎಂದು ಅವ್ವ ಚುಚ್ಚುತ್ತಿದ್ದಳು. ತಿಂಗಳಿಗೊಮ್ಮೆ ಅಪ್ಪ ಹಳೆಯ ಪತ್ರಿಕೆ ಹಾಸಿ, ಬಂದೂಕನ್ನು ಬಿಚ್ಚಿ, ನಳಿಕೆಯೊಳಗೆ ಬ್ರಷ್ ಎಳೆದು, ಗುಂಡನ್ನು ಒಳಕ್ಕೆ ನೂಕುವ ಬೋಲ್ಟನ್ನು ತಮ್ಮ ಹರಿದ ಬನಿಯನ್ನಿನಿಂದ ಒರೆಸಿ, ಒಂದೇ ಒಂದು ಹನಿ ತೆಳು ಎಣ್ಣೆ ಬಿಡುತ್ತಿದ್ದರು. ಅಷ್ಟು ಅಕ್ಕರೆಯಿಂದ ಅವರು ನನ್ನ ತಲೆಯನ್ನೂ ಬಾಚಿದವರಲ್ಲ.

ದಸರೆ ಬಂತು. ಗದಗಿನ ಕಡೆಯ ನಮಗೆ ಆಯುಧಪೂಜೆ ಎಂದರೆ ಖಂಡೆ ಪೂಜೆ. ಪ್ರತಿವರ್ಷ ಈಳಿಗೆ, ಕತ್ತರಿ, ಹೊಲಿಗೆ ಯಂತ್ರ, ಅವ್ವನ ಸ್ಟೆತಾಸ್ಕೋಪು, ಅಪ್ಪನ ಲ್ಯಾಪ್‌ಟಾಪುಗಳಿಗೆ ಕುಂಕುಮ ಇಟ್ಟು ಬೇಸತ್ತಿದ್ದ ಅಜ್ಜಿಗೆ ಆ ಸಲ ನಿಜವಾದ ಆಯುಧ ಸಿಕ್ಕಿತ್ತು. ಅಪ್ಪ ಅದು ಖಾಲಿ ಇದೆಯೆಂದು ಎಲ್ಲರಿಗೂ ಕಾಣುವಂತೆ ಬೋಲ್ಟನ್ನು ಹಿಂದಕ್ಕೆಳೆದು ರಂಗೋಲಿಯ ಮೇಲಿಟ್ಟರು. ಅಷ್ಟರಲ್ಲಿ ಆಫೀಸಿನಿಂದ ಫೋನು ಬಂತು. ಅವರು ಅತ್ತ ಹೋದರೋ ಇಲ್ಲವೋ, ಅಜ್ಜಿ ತನ್ನ ಕೊಬ್ಬರಿ ಎಣ್ಣೆಯ ಬಾಟಲಿ ತಂದು, ಹೊಲಿಗೆ ಯಂತ್ರಕ್ಕೆ ಬಿಡುವ ಹಾಗೆಯೇ, ಬಾಯಿ ತೆರೆದಿದ್ದ ಬಂದೂಕಿನೊಳಕ್ಕೆ ಧಾರಾಳವಾಗಿ ಸುರಿದಳು. “ಕಬ್ಬಿಣಕ್ಕ ಎಣ್ಣಿ ಬೇಕವ್ವಾ, ಪಾಪ, ನಿಮ್ಮಪ್ಪ ಹನಿ ಹನಿ ಕುಡಸ್ತಾನ,” ಎಂದಳು ನನಗೆ. ಮೇಲೊಂದಿಷ್ಟು ಅರಿಶಿನ, ಕುಂಕುಮ. ಅಪ್ಪ ಬಂದು ಹೊರಗೆ ಸೋರಿದ್ದನ್ನು ಒರೆಸಿ, ನಕ್ಕು, ಮುಂದಿನ ಭಾನುವಾರ ಬಿಚ್ಚಿದರಾಯಿತೆಂದು ಬೀಗ ಹಾಕಿದರು. ಆದರೆ ಹೊಸ ಶತಮಾನದ ತಾರೀಖಿಗೆ ಯಂತ್ರಗಳೆಲ್ಲ ಕೈಕೊಡುತ್ತವೆಂಬ ಗಾಬರಿಯ ಆ ವರ್ಷದ ಕೊನೆಯಲ್ಲಿ ಕಂಪ್ಯೂಟರಿನವರಿಗೆ ಭಾನುವಾರ ಎಲ್ಲಿತ್ತು?

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನದಿಂದ ಐಸ್ ಮಳೆ. ತಂತಿ ಹರಿದು ಕರೆಂಟು ಹೋಯಿತು. ಅವ್ವ ಆಸ್ಪತ್ರೆಯಲ್ಲಿದ್ದಳು. ಪ್ರಾಜೆಕ್ಟಿಗಾಗಿ ಕನೆಕ್ಟಿಕಟ್‌ನಲ್ಲಿದ್ದ ಬಸು ಅಂಕಲ್, ರಸ್ತೆ ಸರಿಯಿಲ್ಲ, ಈ ವಾರ ಬರುವುದಿಲ್ಲ ಎಂದು ಬೆಳಿಗ್ಗೆಯೇ ಫೋನ್ ಮಾಡಿದ್ದರು. ಮುಸ್ಸಂಜೆಗೆ ನಾವು ಮೂವರು ಅಡುಗೆಕೋಣೆಯಲ್ಲಿ ಕಂಬಳಿ ಹೊದ್ದು ಕೂತಿದ್ದಾಗ ಹಿಂಬಾಗಿಲಿನ ಹಿಡಿ ಅಲುಗಿತು. ಸುಮ್ಮನಾಯಿತು. ಮತ್ತೆ ಅಲುಗಿತು. ಆಮೇಲೆ ಯಾರೋ ಭುಜ ಕೊಟ್ಟು ಗುದ್ದತೊಡಗಿದರು.

ಅಪ್ಪ ಗ್ಯಾರೇಜಿಗೆ ಹೋಗಿ ಬಂದಾಗ ಕೈಯಲ್ಲಿ ಗುಂಡು ತುಂಬಿದ ಬಂದೂಕಿತ್ತು. ನನ್ನ ಕೈಗೆ ಟಾರ್ಚ್ ಕೊಟ್ಟು, ಬಾಗಿಲಿಗೆ ಹಿಡಿ ಎಂದರು. “ಹೂ ಈಸ್ ಇಟ್?” ಎಂದು ಕೂಗಿದರು. ಗಾಳಿಯ ಸದ್ದು ಬಿಟ್ಟರೆ ಉತ್ತರವಿಲ್ಲ. ಬೋಲ್ಟನ್ನು ಎಳೆದರು. ಅದು ಬರಲೊಲ್ಲದು. ಕಾಲಿನ ಮೇಲೆ ಒತ್ತಿಕೊಂಡು ಎಳೆದು ಬಿಟ್ಟರು. ಚಟ್ಟನೆ ಮುಂದೆ ಹೋಗಬೇಕಾದ್ದು ತೆವಳುತ್ತ ಹೋಗಿ ಅರ್ಧದಲ್ಲಿ ನಿಂತಿತು. ಆ ಕತ್ತಲಲ್ಲಿ ಅಪ್ಪನಿಗೆ ಅದು ಕಾಣಲಿಲ್ಲ. ಅಷ್ಟರಲ್ಲಿ ಬಾಗಿಲು ಕಿತ್ತುಬಂದಂತೆ ತೆರೆದು, ಕಣ್ಣಿನವರೆಗೆ ಮಫ್ಲರ್ ಸುತ್ತಿದ ಕಪ್ಪು ಕೋಟಿನ ಆಳೊಂದು ಒಳಕ್ಕೆ ಮುಗ್ಗರಿಸಿತು.

ಅಪ್ಪನ ಬೆರಳು ಒತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಏನೂ ಆಗಲಿಲ್ಲ.

“ಯಾರಪ್ಪಾ ನೀನು?” ಎಂದಳು ಅಜ್ಜಿ ಕುರ್ಚಿಯಿಂದ.

“ನಾನ್ರೀ ಅಮ್ಮಾ, ಬಸು. ಹೆಂಗರ ಮಾಡಿ ಬಂದೆ, ಕೀಲಿ ತೆಗದ್ರೂ ಎರಡೂ ಬಾಗಲಾ ಐಸ್ ಹಿಡದ್ ಕುಂತಾವ್ರಿ. ಸಾರು ಐತೇನ್ರೀ?”

ಟಾರ್ಚಿನ ಬೆಳಕಿಗೆ ಅವರ ಕಣ್ಣು ಕೋರೈಸಿತ್ತು. ಎದುರಿಗೆ ಏನಿತ್ತೆಂದು ಅವರು ನೋಡಲೇ ಇಲ್ಲ. ಅಜ್ಜಿ ಕಡ್ಡಿ ಗೀರಿ ಗ್ಯಾಸ್ ಹಚ್ಚಿ ಸಾರು ಬಿಸಿ ಮಾಡಿದಳು. ನಾನು ಗ್ಯಾರೇಜಿಗೆ ಹೋದೆ. ಅಪ್ಪ ಗುಂಡುಗಳನ್ನು ತೆಗೆದಿಟ್ಟು, ತಣ್ಣನೆಯ ಸಿಮೆಂಟಿನ ಮೇಲೆ ಕೂತು, ಬೋಲ್ಟಿಗೆ ಮೆತ್ತಿದ್ದ ಅರಿಶಿನ ಬೆರೆತ ಗಟ್ಟಿ ಎಣ್ಣೆಯನ್ನು ಉಗುರಿನಿಂದ ಕೆರೆದು ಮೂಸುತ್ತಿದ್ದರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಬೆಳಿಗ್ಗೆ ಬಂದ ಅವ್ವನಿಗೆ ಅಪ್ಪ ಎಲ್ಲ ಹೇಳಿದರು. ಅವಳು ಕೂಗಾಡಲಿಲ್ಲ. ಕೋಟನ್ನೂ ಬಿಚ್ಚದೆ ಬೇಸ್‌ಮೆಂಟಿಗೆ ಇಳಿದು, ಮಲಗಿದ್ದ ಬಸು ಅಂಕಲ್ ಉಸಿರಾಡುತ್ತಿರುವುದನ್ನು ನೋಡಿ ಬಂದಳು. ಆ ವಾರವೇ ಬಂದೂಕು ಅಂಗಡಿಗೆ ಮರಳಿತು. ಗಡ್ಡದ ಮಾಲೀಕ ಅದನ್ನು ಮೂಸಿ, ಇದಕ್ಕೇಕೆ ಬಿಸ್ಕತ್ತಿನ ವಾಸನೆ ಎಂದು ಕೇಳಿದನಂತೆ.

ಮುಂದಿನ ದಸರೆಗೆ ಅಜ್ಜಿ ರಂಗೋಲಿ ಹಾಕಿ ಬಂದೂಕೆಲ್ಲಿ ಎಂದಳು. ಮಾರಿದೆ ಎಂದರು ಅಪ್ಪ. “ಅಯ್ಯ, ಅಷ್ಟು ಎಣ್ಣಿ ದಂಡ ಆತಲ್ಲೋ.”

“ಆಗ್ಲಿಲ್ಲ ಬಿಡವ್ವಾ,” ಎಂದು ಅಪ್ಪ ಅವಳ ಕಾಲಿಗೆ ಬಿದ್ದರು. ಯಾಕೆಂದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಬಸು ಅಂಕಲ್ ಆಮೇಲೆ ಮದುವೆಯಾಗಿ ನದಿಯಾಚೆ ದೂರದ ಹಿಕ್ಸ್‌ವಿಲ್ಲಿಗೆ ಹೋದರು. ಆದರೂ ಪ್ರತಿ ದಸರೆಗೆ, ಬನ್ನಿ ಸಿಗದ ಈ ಊರಿನಲ್ಲಿ ಹಿತ್ತಲ ಯಾವುದೋ ಎಲೆ ಹರಿದುಕೊಂಡು, ಸೇತುವೆಗಳನ್ನು ದಾಟಿ ಬರುತ್ತಿದ್ದರು. “ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ” ಎಂದು ಅವರು ಎಲೆ ಕೊಟ್ಟರೆ ಅಪ್ಪ ಅವರನ್ನು ತಬ್ಬಿ ಬಹಳ ಹೊತ್ತು ಬಿಡುತ್ತಿರಲಿಲ್ಲ. ಈಗ ಅಜ್ಜಿ ಇಲ್ಲ, ಅಪ್ಪ ಇಲ್ಲ. ಆ ಮನೆಯಲ್ಲಿ ಯಾರೋ ಇದ್ದಾರೆ, ಅಡುಗೆಕೋಣೆಯ ಕಿಟಕಿಗೆ ಹಸಿರು ಪರದೆ ಹಾಕಿದ್ದಾರೆ.

ಈ ದಸರೆಗೆ ಬಸು ಅಂಕಲ್ ನನ್ನ ಹೋಬೋಕನ್ನಿನ ಮನೆಗೆ ಬಂದರು. ತಲೆ ಪೂರ್ತಿ ನೆರೆತಿದೆ, ಜೊತೆಗೆ ಕಾಲೇಜಿಗೆ ಹೋಗುವ ಮಗಳು. ಎಲೆ ಕೊಟ್ಟರು. ನಾನು ಅವರನ್ನು ತಬ್ಬಿಕೊಂಡೆ. ಕೋಟಿನೊಳಗೆ ಅವರ ಎದೆ ಬೆಚ್ಚಗೆ ಏರಿಳಿಯುತ್ತಿತ್ತು.

“ಏನವ್ವಾ,” ಎಂದು ಅವರು ನಕ್ಕರು, “ನಿಮ್ಮಪ್ಪನಂಗಽ ನೀನೂ ಬಿಡವಲ್ಲಿ ನೋಡು.”