ದೌಲಪ್ಪನ ಅವಸರದ ಓಟು

ಕಮಲಾಪುರದ ಬಾಳೆತೋಟದ ದೌಲಪ್ಪನಿಗೆ ಜೀವನದಲ್ಲಿ ಮೊದಲ ಸಲ ಓಟು ಬಂದಿತ್ತು. ನಿಜಾಮರ ರಾಜ್ಯದ ಸಭೆಗೆ ರೈತರ ಕಡೆಯಿಂದ ಒಬ್ಬರನ್ನು ಆರಿಸಬೇಕು. ಭೂಮಿಯ ಪಟ್ಟಾ ಇದ್ದವರಿಗಷ್ಟೇ ಆ ಹಕ್ಕು. ಚುನಾವಣೆ ಯುಗಾದಿ ಆದಮೇಲೆ ಎಂದಿದ್ದರು. ಅಲ್ಲಿಯತನಕ ದೊಡ್ಡಮಂದಿ ತನ್ನನ್ನು ಹುಡುಕಿಕೊಂಡು ಬರುತ್ತಾರೆಂದು ದೌಲಪ್ಪ ಕಟ್ಟೆಗೆ ಸುಣ್ಣ ಹಚ್ಚಿಸಿ, ಹೊಸ ರುಮಾಲು ಸುತ್ತಿ ಕೂತ.

ಬಂದವರು ಇಬ್ಬರು. ಕಲಬುರಗಿಯ ವಕೀಲ ನೀಲಕಂಠಪ್ಪನವರಿಗೆ, "ನಿಮಗೇ ಹಾಕ್ತೀನಿ ತಗೋರಿ" ಎಂದ. ಆಮೇಲೆ ಬಂದ ಬೇಳೆ ವ್ಯಾಪಾರಿ ಮಲ್ಲಣ್ಣ ಸಾಹುಕಾರರಿಗೂ ಅದನ್ನೇ ಅಂದ. ಸುಳ್ಳು ಹೇಳಬೇಕೆಂದಲ್ಲ, ಮನೆಗೆ ಬಂದವರಿಗೆ ಇಲ್ಲ ಅನ್ನುವುದು ಅವನಿಗೆ ಬರುತ್ತಿರಲಿಲ್ಲ. ಯುಗಾದಿ ದೂರವಿತ್ತು, ಯೋಚಿಸಲು ಬೇಕಾದಷ್ಟು ಪುರಸೊತ್ತಿತ್ತು.

ಎಳ್ಳಮಾವಾಸ್ಯೆ ಮುಗಿಯುತ್ತಲೇ ಡಂಗುರ ಬಂತು: ಚುನಾವಣೆ ಬರುವ ಸೋಮವಾರವೇ.

"ತೊಗರಿ ಇನ್ನೂ ಹೊಲದಾಗ ಬಿದ್ದದ. ಸರ್ಕಾರಕ್ಕ ಇಷ್ಟ್ಯಾಕ ಅವಸರಾ?" ದೌಲಪ್ಪ ಗೊಣಗಿದ.

ಹೆಂಡತಿ ಶಂಕ್ರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ತೊಗರಿ ಚಿಂತಿ ಅಲ್ರಿ ನಿಮಗ. ಇಬ್ರಿಗೂ ಹೂಂ ಅಂದೀರಿ."

"ಓಟು ಗುಟ್ಟಿಲೆ ಹಾಕ್ತಾರ."

"ಹಂಗಂತ ಯಾರ ಹೇಳ್ಯಾರ?"

ಯಾರೂ ಹೇಳಿರಲಿಲ್ಲ.

ಸೋಮವಾರ ವಕೀಲರು ಕಳಿಸಿದ ನಬಿಸಾಬನ ಟಾಂಗಾದಲ್ಲಿ ಕಲಬುರಗಿಗೆ ಹೋದ. ಕಚೇರಿಯ ಮುಂದೆ ಸಾಹುಕಾರರ ಜಿಲೇಬಿ ತಿಂದ. ಒಳಗೆ ಹೋದರೆ ಓಟು ಬರೆದುಕೊಳ್ಳುವ ಮುನ್ಶಿಯ ಎಡಕ್ಕೆ ವಕೀಲರು, ಬಲಕ್ಕೆ ಸಾಹುಕಾರರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

"ಯಾರಿಗೆ? ಬಾಯಿಲೆ ಹೇಳ್ರಿ," ಎಂದ ಮುನ್ಶಿ.

"ಅರ್ಧಾ ಅರ್ಧಾ ಬರ್ಕೋರಿ ಸಾಹೇಬ್ರ."

"ಓಟು ಬಾಳಿಹಣ್ಣಲ್ಲ, ಮುರಿಯಾಕ ಬರೂದಿಲ್ಲ. ಒಂದೇ ಹೆಸರು ಹೇಳ್ರಿ."

ದೌಲಪ್ಪ ಇಬ್ಬರ ಮೋರೆಯನ್ನೂ ನೋಡಿದ. ಬಾಯಿ ಇನ್ನೂ ಸಿಹಿಯಾಗಿತ್ತು. "ಮಲ್ಲಣ್ಣ ಸಾಹುಕಾರ್ರಿಗೆ," ಅಂದವನೇ ಹೊರಗೆ ಬಿದ್ದ.

ಓಟು ಸಿಕ್ಕಮೇಲೆ ಸಾಹುಕಾರರ ಕಡೆಯವರು ಅವನ ಗುರುತೇ ಹಿಡಿಯಲಿಲ್ಲ. ವಕೀಲರ ಟಾಂಗಾ ಕೇಳಲು ಮುಖವಿಲ್ಲ. ರುಮಾಲು ಬಿಗಿದು ನಡೆದೇ ಹೊರಟ. ಊರು ದಾಟಿ ಬಹಳ ಹೊತ್ತಾದ ಮೇಲೆ ಹಿಂದಿನಿಂದ ಕುದುರೆ ಗೆಜ್ಜೆ ಕೇಳಿಸಿತು. ನಬಿಸಾಬನ ಟಾಂಗಾ, ಅದರಲ್ಲಿ ವಕೀಲರು. ಎಣಿಕೆ ಅಲ್ಲೇ ಮುಗಿದು, ಸೋತ ಮುಖ ಹೊತ್ತು ಕಮಲಾಪುರಕ್ಕೆ, ಹೆಂಡತಿಯ ತವರಿಗೆ ಹೊರಟಿದ್ದರು.

"ಹತ್ರಿ ದೌಲಪ್ಪ."

"ತಪ್ಪಾಯ್ತ್ರಿ ವಕೀಲಸಾಹೇಬ್ರ..."

"ಅದಿರ್ಲಿ. ಯುಗಾದಿ ತನಕ ಊರೂರಿಗೆ ಮಾಡಬೇಕಂತ ಒಂದ್ ಭಾಷಣ ಬಾಯಿಪಾಠ ಮಾಡಿದ್ದೆ. ಒಮ್ಮೆನೂ ಮಾಡಾಕ ಆಗ್ಲಿಲ್ಲ. ನೀವಾದ್ರೂ ಕೇಳ್ರಿ."

ಟಾಂಗಾ ಸಾಗಿತು, ಭಾಷಣವೂ ಸಾಗಿತು. ಬಾವಿಗೆ ಸರ್ಕಾರದ ತಕಾವಿ ಸಾಲ, ಹಳ್ಳಕ್ಕೆ ಸೇತುವೆ, ಹೆಣ್ಣುಮಕ್ಕಳಿಗೆ ಸಾಲಿ. ನಬಿಸಾಬ್ ತಾನೂ ಕೇಳಬೇಕೆಂದು ಕುದುರೆಯನ್ನು ನಿಧಾನ ಮಾಡಿದ. ದಾರಿಯಲ್ಲಿ ಮಹಾಗಾಂವ ಬರುವಷ್ಟರಲ್ಲಿ ದೌಲಪ್ಪನ ಕಣ್ಣು ಒದ್ದೆಯಾಗಿತ್ತು.

"ಇದನ್ನ ನಿನ್ನೆ ಹೇಳಬಾರದಾಗಿತ್ತೇನ್ರಿ?"

"ನಿನ್ನೆ ಟೈಮೆಲ್ಲಿತ್ತು?" ಎಂದು ವಕೀಲರು ಗಂಟಲು ಸರಿಮಾಡಿಕೊಂಡು ಕಂದಾಯದ ವಿಷಯಕ್ಕೆ ಬಂದರು.