ಅಲೀಡಾಳ ತೋಳುಗಳು

ಕಡಲತೀರದ ನಮ್ಮ ಓಸ್ಟೆಂಡ್ ಊರಿನಲ್ಲಿ ಮದುವೆ ಗೊತ್ತಾದರೆ ಜನ ಪಾದ್ರಿಯನ್ನು ಕಾಣುವ ಮೊದಲೇ ರೊಸೀನ್ ಮೇಡಂ ಅಂಗಡಿಗೆ ಬರುತ್ತಿದ್ದರು. ಉಡುಪಿನ ವಿನ್ಯಾಸ ಅವರದು, ಹೊಲಿಗೆ ನನ್ನದು. ಹೊಟ್ಟೆ ಇದ್ದವರಿಗೆ ಹೊಟ್ಟೆ ಮರೆಸುವುದರಲ್ಲಿ, ಕುಳ್ಳಗಿದ್ದವರನ್ನು ಎತ್ತರ ಕಾಣಿಸುವುದರಲ್ಲಿ ಅವರದು ಎತ್ತಿದ ಕೈ. ಅರವತ್ತೈದು ತುಂಬಿದ ಮೇಲೆ ಅಂಗಡಿಯನ್ನು ಅಣ್ಣನ ಮಗಳಿಗೆ ಒಪ್ಪಿಸಿ, “ಇನ್ನು ಪೇಂಟಿಂಗ್ ಕಲೀತೀನಿ” ಅಂದರು. ನನಗೆ ನಗು ತಡೆಯಲಾಗಲಿಲ್ಲ.

“ನಗಬೇಡ ಕಣೇ. ಚಿಕ್ಕೋಳಿದ್ದಾಗ ಕೇಳಿದ್ದಕ್ಕೆ ನಮ್ಮಪ್ಪ, ಚಿತ್ರ ಬರೆದ್ರೆ ಹೊಟ್ಟೆ ತುಂಬಲ್ಲ, ಫ್ರಾಕ್ ಬರಿ ಅಂದ. ಬರೆದೆ, ಹೊಟ್ಟೆ ತುಂಬ್ತು. ಈಗಾದ್ರೂ ಚಿತ್ರ ಬರೀತೀನಿ ಬಿಡೇ!”

ಊರಿನ ಕಲಾಶಾಲೆಯ ಸಂಜೆ ತರಗತಿಗೆ ಸೇರಿದರು. ಅವರು ಬರೆದ ಉಣ್ಣೆ ಕೋಟನ್ನು ಮುಟ್ಟಿ ನೋಡಬೇಕೆನಿಸುತ್ತಿತ್ತು. ಮುಖ ಮಾತ್ರ ಅಂಗಡಿಯ ಗೊಂಬೆಯದೇ. ಕಲಿಸುತ್ತಿದ್ದ ವೌಟರ್ ಮೇಷ್ಟ್ರು ಒಂದು ದಿನ, “ಮೇಡಂ, ಈ ಕೋಟಿಗೆ ಕೈ ಮುಗೀಬೇಕು. ಆದ್ರೆ ಒಳಗೆ ಯಾರೂ ಇಲ್ವಲ್ಲ!” ಅಂದುಬಿಟ್ಟರು. ಮೇಡಂ ಮುನಿಸಿಕೊಂಡು ಮನೆಯಲ್ಲೇ ಕುಳಿತರು.

ಒಂದು ಬೆಳಿಗ್ಗೆ ಸಿಗಡಿ ತರೋಣವೆಂದು ಅವರನ್ನು ಮೀನುದೋಣಿಗಳು ನಿಲ್ಲುವ ದಕ್ಕೆಗೆ ಎಳೆದುಕೊಂಡು ಹೋದೆ. ಅಲ್ಲಿ ಸಿಗಡಿ ಮಾರುವ ಅಲೀಡಾಳ ನಗು ದೀಪಸ್ತಂಭದವರೆಗೂ ಕೇಳುತ್ತದೆ. ಗಂಡ ಕಮೀಲ್ ಹಿಡಿದು ತರುತ್ತಾನೆ, ಇವಳು ಮಾರುತ್ತಾಳೆ. ಅಂಗಿಯ ತೋಳು ಮೇಲೇರಿಸಿ ಸಿಗಡಿ ಅಳೆಯುತ್ತಿದ್ದ ಅವಳನ್ನು ಮೇಡಂ ನೋಡುತ್ತಲೇ ನಿಂತರು.

“ಅಲೀಡಾ, ನಿನ್ನ ಚಿತ್ರ ಬರೀಲೇನೇ?”

“ಬರ್ಕೋ. ಅಲ್ಲಾಡಬೇಡ ಅಂದ್ರೆ ಮಾತ್ರ ಆಗಲ್ಲ, ನಿನ್ ಥರ ನಾನೇನು ರಿಟೈರ್ ಆಗಿಲ್ಲ. ಮಗಳ ಮದುವೇಲಿ ನೀನು ಮಾಡಿಕೊಟ್ಟ ನೀಲಿ ಗೌನ್ ಹಾಕ್ಕೊಂಡು ಅಲ್ಲಾಡದೆ ನಿಂತಿದ್ದೇ ಸಾಕು ತಾಯಿ! ಒಂದು ಚಮಚ ಸೂಪ್ ಇಳೀಲಿಲ್ಲ. ಜೋರಾಗಿ ಉಸಿರು ಬಿಟ್ಟಿದ್ರೆ ಗುಂಡಿ ಹಾರಿ ಪಾದ್ರಿ ಕಣ್ಣಿಗೆ ಬಡೀತಿತ್ತು!”

ಆ ವಸಂತವೆಲ್ಲ ಮೇಡಂ ದಕ್ಕೆಯಲ್ಲೇ. ಬೆರಳಿಗೆ ಬಣ್ಣ, ಕೋಟಿಗೆ ಮೀನಿನ ವಾಸನೆ. ಅಷ್ಟು ಖುಷಿಯಾಗಿ ಅವರನ್ನು ನಾನು ಅಂಗಡಿಯಲ್ಲಿ ಎಂದೂ ಕಂಡಿರಲಿಲ್ಲ.

ಜೂನಿನಲ್ಲಿ ಕಲಾಶಾಲೆಯ ಪ್ರದರ್ಶನ; ಮುನಿಸು ಬಿಟ್ಟು ಮೇಡಂ ಅಲೀಡಾಳ ಚಿತ್ರವನ್ನು ಅಲ್ಲಿಗೆ ಕೊಟ್ಟರು. ಅಲೀಡಾ ಸೆಂಟು ಪೂಸಿಕೊಂಡು ಗಂಡನ ಜೊತೆ ಬಂದಳು. ಚಿತ್ರದಲ್ಲಿ ಅವಳ ಕೆಂಪು ತೋಳು, ಒದ್ದೆ ಏಪ್ರನ್ನು ಬಿಗಿದ ಹೊಟ್ಟೆ, ನಗುವ ಬಾಯಿಯಲ್ಲಿ ಇಲ್ಲದ ಹಲ್ಲು, ಎಲ್ಲವೂ ಇದ್ದಹಾಗೇ ಇದ್ದವು.

“ಇದೇನೇ ತೋಳು? ದೋಣಿ ಕಟ್ಟೋ ಕಂಬಾನಾ? ಊರೋರ ಹೊಟ್ಟೆಯೆಲ್ಲ ಮುಚ್ಚಿದೋಳು ನನ್ನದು ಮಾತ್ರ ಬಿಚ್ಚಿಟ್ಯಲ್ಲೇ!” ಎಂದವಳೇ ಬಾಗಿಲ ಕಡೆ ನಡೆದಳು.

ಮೇಡಂ ಮುಖ ಬಾಡಿತು. “ಇಳಿಸಿಬಿಡೋಣ ಕಣೇ” ಎಂದು ಚಿತ್ರಕ್ಕೆ ಕೈ ಹಾಕಿದರು. ಆಗ ಹಿಂದಿನಿಂದ ಜೋರು ನಗು ಕೇಳಿತು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವಂಥ ಕಮೀಲ್, ಟೋಪಿ ಕೈಯಲ್ಲಿ ಹಿಡಿದು ಚಿತ್ರದ ಮುಂದೆ ನಿಂತಿದ್ದ.

“ಏ ಅಲೀಡಾ, ಬಾರೇ ಇಲ್ಲಿ! ಮಗಳ ಮದುವೆ ದಿನ ನೀಲಿ ಗೌನಲ್ಲಿ ನನ್ ಪಕ್ಕ ನಿಂತಿದ್ಳಲ್ಲ, ಅವಳು ಯಾರೋ ನಂಗೊತ್ತಿಲ್ಲ. ದೋಣಿ ದಡಕ್ಕೆ ಬರೋವಾಗ ನಂಗೆ ಕಾಣೋಳು ಇವಳು.”

ಅಲೀಡಾ ಹಿಂತಿರುಗಿ ಬಂದಳು. ಚಿತ್ರದ ತೋಳಿನ ಪಕ್ಕ ತನ್ನ ತೋಳು ಹಿಡಿದು ನೋಡಿದಳು. ಕೊನೆಗೆ, “ಹಲ್ಲಾದ್ರೂ ಒಂದು ಕಟ್ಟಿಸಿಕೊಡಬಾರದಿತ್ತಾ?” ಅಂದಳು. ಮೇಡಂ ಅವಳನ್ನು ತಬ್ಬಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪ್ರದರ್ಶನ ಮುಗಿಯುವವರೆಗೂ ಅಲೀಡಾ ಚಿತ್ರದ ಪಕ್ಕ ಬಿಟ್ಟು ಕದಲಲಿಲ್ಲ. ಬಂದವರಿಗೆಲ್ಲ, “ಯಾರು ಹೇಳಿ ನೋಡೋಣ?” ಎನ್ನುತ್ತಿದ್ದಳು.

ಈಗ ದಕ್ಕೆಯ ಹೆಂಗಸರೆಲ್ಲ ತಮ್ಮ ಚಿತ್ರ ಬರೆಸಿಕೊಳ್ಳಲು ಸರದಿ ನಿಂತಿದ್ದಾರೆ. ಮೊನ್ನೆ ಶನಿವಾರ ಮೇಡಂ ಬಲೆ ಹೆಣೆಯುವ ಮುದುಕಿಯೊಬ್ಬಳ ಚಿತ್ರ ಮುಗಿಸುವಷ್ಟರಲ್ಲಿ ಗಾಳಿ ಎದ್ದು ಕ್ಯಾನ್ವಾಸು ನೀರಿಗೆ ಹಾರಿತು. ದಕ್ಕೆಗೆ ದಕ್ಕೆಯೇ ಬೊಬ್ಬೆ ಹಾಕಿತು. ಕಮೀಲ್ ದೋಣಿಯಿಂದ ಕೊಕ್ಕೆ ಚಾಚಿ ಅದನ್ನು ಎಳೆದು ತಂದ. ಮುದುಕಿ ಇಣುಕಿ ನೋಡಿ, “ಪರವಾಗಿಲ್ಲ ಬಿಡು, ಸ್ನಾನ ಮಾಡಿ ಬಂದಂಗಿದೀನಿ” ಅಂದಳು.